ಪೇಡೆ ಡಬ್ಬಿಯಲ್ಲಿ ಮಾಳಮಡ್ಡಿಯ ಮನೆ

ಮನುಷ್ಯನಿಗೆ ಒಂದಾದರೂ ಚಟ ಇರಬೇಕು. ಇಲ್ಲದಿದ್ದರೆ ಹೆಂಡತಿಗೆ ಬೈಯಲು ವಿಷಯ ಸಿಗುವುದಿಲ್ಲ. ನನ್ನ ಚಟ ಸ್ವಲ್ಪ ವಿಚಿತ್ರ. ಕ್ಯಾಸೆಟ್ಟಿನಿಂದ ಓಡುವ ಓಬೀರಾಯನ ಕಾಲದ ಕಂಪ್ಯೂಟರಿಗೆ ನಾನು ಆಟ ಬರೆಯುತ್ತೇನೆ. ಚಿತ್ರವಿಲ್ಲ, ಗುಂಡಿನ ಸದ್ದಿಲ್ಲ, ಬರೀ ಅಕ್ಷರ. 'ಅಡಿಗೆಮನೆಗೆ ಹೋಗು' ಎಂದು ನೀವು ಒತ್ತಿದರೆ ಅಲ್ಲಿ ಏನೇನಿದೆ ಎಂದು ಅದು ಬರೆದು ತೋರಿಸುತ್ತದೆ. ಅದಕ್ಕೆ ನಮ್ಮ ಲಿಪಿ ಬಾರದು, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಬೇಕು. ಇಂಥ ಯಂತ್ರಗಳನ್ನು ಇಂದಿಗೂ ಒರೆಸಿ ಇಟ್ಟುಕೊಂಡ ಹುಚ್ಚರು ಅಲ್ಲಲ್ಲಿ ಇದ್ದಾರೆ. ಅವರೇ ನನ್ನ ಗಿರಾಕಿಗಳು.

ಈ ಸಲದ ಆಟ, ಮಾಳಮಡ್ಡಿಯಲ್ಲಿ ನಾನು ಬೆಳೆದ ಬಾಡಿಗೆ ಮನೆ. ಆ ಮನೆ ಕೆಡವಿ ಬಹಳ ವರ್ಷವಾಯಿತು. ಅವ್ವ ಅದಕ್ಕೂ ಮೊದಲೇ ಹೋದಳು. ಆಟದಲ್ಲಿ ಮಾತ್ರ ಮನೆಯೂ ಅವ್ವನೂ ಗಟ್ಟಿಯಾಗಿದ್ದಾರೆ. ಆಡುವವರು ಅವ್ವನ ಮಗನಾಗಬೇಕು. ಅವಳನ್ನು ಒಪ್ಪಿಸಿ, ಬಾಗಿಲು ದಾಟಿ ಓಣಿಗೆ ಬಂದರೆ ಗೆದ್ದಂತೆ. ಹತ್ತು ಕ್ಯಾಸೆಟ್ಟು ಮಾಡಿ, ಪೇಡೆಯ ಖಾಲಿ ಡಬ್ಬಿಗಳ ಮೇಲೆ ಮನೆಯ ಚಿತ್ರ ಅಂಟಿಸಿ, ಒಳಗಿಟ್ಟೆ. ನನ್ನ ಹೆಂಡತಿ ಸುಮಂಗಲಾ ನೋಡಿದಳು.

"ಪೇಡೆ ಇಲ್ಲದ ಪೇಡೆ ಡಬ್ಬಿ ಯಾರರ ಕಳಸ್ತಾರೇನ್ರಿ? ನಾಕ್ನಾಕ್ ಇಡ್ರಿ."

"ಕ್ಯಾಸೆಟ್ ಐತಲ್ಲ?"

"ಅದನ್ನೇನ್ ತಿನ್ನಾಕ ಬರ್ತೈತೇನು?"

ಇಟ್ಟೆ. ಮೇಲೆ 'ಪೂರ್ತಿ ತಪಾಸಣೆ ಆಗಿದೆ' ಎಂದೂ ಬರೆದೆ. ಹಿಂದಿನ ಆಟ ನಡುವೆಯೇ ನಿಂತು ನನ್ನ ಮಾನ ಹೋಗಿತ್ತು. ಇನ್ನೊಮ್ಮೆ ಹಾಗಾದರೆ ಈ ಚಟವನ್ನೇ ಬಿಡುತ್ತೇನೆಂದು ಸುಮಂಗಲೆಗೆ ಮಾತು ಕೊಟ್ಟಿದ್ದೆ.

ಡಬ್ಬಿಗಳನ್ನು ಕಳಿಸಿದ ಮೂರನೇ ದಿನ ಕೇಶ್ವಾಪುರದ ಹಿರೇಮಠ ಮಾಸ್ತರರ ಫೋನು ಬಂತು. ಗಣಿತ ಕಲಿಸಿ ನಿವೃತ್ತರಾದವರು. ಫೋನನ್ನು ಸ್ಪೀಕರಿಗೆ ಹಾಕಿದೆ. "ಪೇಡೆ ಛಲೋ ಇದ್ವು ರೀ. ಆದ್ರ ಬಾಗಲಾ ತೆರಿಯವಲ್ದು. ಹೋಗ್ತೇನಿ ಅಂತ ಎಷ್ಟ್ ಸಲ ಒತ್ತಿದ್ರೂ ನಿಮ್ಮ ಅವ್ವಾರು 'ಕುಂಡ್ರು, ಚಹಾ ಮಾಡ್ತೇನಿ' ಅಂತಾರ. ಹನ್ನೊಂದು ಕಪ್ ಆತ್ರಿ."

ನಾನು ಬಾಯಿ ತೆರೆಯುವ ಮೊದಲೇ ಸುಮಂಗಲಾ ಫೋನು ಕಸಿದುಕೊಂಡಳು. "ಮಾಸ್ತರ, ಮನಿಯಿಂದ ಹೊಂಡುವಾಗ ಹೋಗ್ತೇನಿ ಅಂತಾರೇನ್ರಿ? ಬರ್ತೇನಿ ಅನ್ರಿ."

"ಮಷಿನ್ನಿಗೂ ಇದು ಗೊತ್ತೈತೇನ್ರಿ?" ಎನ್ನುತ್ತಲೇ ಅವರು ಒತ್ತಿದ ಸದ್ದು ಕೇಳಿಸಿತು. "ತೆರೀತು ನೋಡ್ರಿ. ಅವ್ವಾರು 'ಲಗೂ ಬಾ' ಅಂದ್ರು."

ದಿನಾ ನಾನು ಶಾಲೆಗೆ ಹೊರಟಾಗ ಬಾಗಿಲಲ್ಲಿ ನಿಂತು ಅವ್ವ ಹೇಳುತ್ತಿದ್ದುದು ಅದೇ ಮಾತು. ಮಾಸ್ತರರು ಮಾತ್ರ ಬಿಡಲಿಲ್ಲ. "ಹೊರಗ ಬಂದೇನಿ, ಈಗ ಮಷಿನ್ ಏನೂ ಹೇಳವಲ್ದು. ಓಣಿನೂ ಇಲ್ಲ, ಏನೂ ಇಲ್ಲ. ಪೂರ್ತಿ ತಪಾಸಣೆ ಅಂತ ಬರದೀರಲ್ರಿ?"

ಮಾಡಿದ್ದೆ. ಆರು ತಿಂಗಳು ದಿನಾ ಆ ಮನೆಯೊಳಗೆ ಓಡಾಡಿದ್ದೇನೆ, ಅಡಿಗೆಮನೆಯ ಒಂದೊಂದು ಡಬ್ಬಿಯನ್ನೂ ತೆರೆದು ನೋಡಿದ್ದೇನೆ. ಬಾಗಿಲ ತನಕ ಬಂದು ಪ್ರತಿ ಸಲವೂ, ಇನ್ನೊಂದು ಕಪ್ ಆಗಲಿ ಎಂದು ಒಳಗೆ ಮರಳಿದ್ದೇನೆ. ಓಣಿಯನ್ನು ಬರೆಯುವುದೇ ಮರೆತಿತ್ತು.

ಸುಮಂಗಲಾ ನಾನು ಕೊಟ್ಟ ಮಾತನ್ನು ಎತ್ತಲಿಲ್ಲ. "ಓಣಿ ಬರೀರಿ. ಹತ್ತೂ ಮಂದಿಗೆ ಹೊಸಾ ಕ್ಯಾಸೆಟ್ ಕಳಸೂಣು," ಎಂದಳಷ್ಟೇ.

ಎಂಟು ದಿನವಾಯಿತು. ದಿನಾ ಓಣಿ ಬರೆಯಲೆಂದೇ ಕೂಡುತ್ತೇನೆ. ಆದರೆ ಅಲ್ಲಿಗೆ ಹೋಗಲು ಮೊದಲು 'ಬರ್ತೇನಿ' ಎಂದು ಒತ್ತಬೇಕಲ್ಲ. ಅವ್ವ ಆಗಲೇ ಚಹಾಕ್ಕೆ ಇಟ್ಟಿರುತ್ತಾಳೆ.