ಮೂಲೆ ಕುರ್ಚಿಗೆ ಅನುಮೋದನೆ

ವರ್ತನಾ ಚಿಕಿತ್ಸಾ ಕೇಂದ್ರದಲ್ಲಿ ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಮಗುವಿಗೂ ಶಿಕ್ಷೆ ಕೊಡುವಂತಿಲ್ಲ. ಕೊಡಲಿರುವ ಶಿಕ್ಷೆಯನ್ನು ಸಮಿತಿಯ ಐವರೂ ಮೊದಲು ಖುದ್ದಾಗಿ ಅನುಭವಿಸತಕ್ಕದ್ದು ಎಂಬುದು ನಿಯಮ ಏಳು.

ಬಟ್ಟೆ ಹೊಲಿಯುವಾಕೆಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು? ಅವಳ ಏಳು ವರ್ಷದ ಮಗಳು ಪುಟ್ಟಿ ತನ್ನ ಮುಂಗೈಯನ್ನು ತಾನೇ ರಕ್ತ ಬರುವಂತೆ ಕಚ್ಚಿಕೊಳ್ಳುತ್ತಿದ್ದಳು. ತಾಯಿ ಅವಳನ್ನು ಕೇಂದ್ರಕ್ಕೆ ಕರೆತಂದಳು. ಕಚ್ಚಿಕೊಂಡ ಕೂಡಲೇ ಐದು ನಿಮಿಷ ಮೂಲೆ ಕುರ್ಚಿಯಲ್ಲಿ ಒಂಟಿಯಾಗಿ ಕೂರಿಸಬೇಕು, ಯಾರೂ ಮಾತಾಡಿಸಬಾರದು ಎಂದು ಚಿಕಿತ್ಸಕರು ಬರೆದುಕೊಟ್ಟರು. ಕಡತ ಸಮಿತಿಗೆ ಹೋಯಿತು.

ಅಧ್ಯಕ್ಷರು ಮೊದಲು ಕೂತರು. ಐದು ನಿಮಿಷ ಯಾರೂ ಸಹಿ ಕೇಳಲಿಲ್ಲ, ಫೋನು ಬರಲಿಲ್ಲ. ಅನುಭವ ಅಪೂರ್ಣವೆಂದು ಷರಾ ಬರೆದು ಮಾರನೇ ದಿನವೂ ಕೂತರು. ಉಳಿದ ನಾಲ್ವರೇನು ಕಡಿಮೆಯೇ? ಊಟವಾದ ಮೇಲೆ ಕುರ್ಚಿಗೆ ಸರದಿ ಹತ್ತಿತು. ಗೊರಕೆಯನ್ನು ನಡಾವಳಿಯಲ್ಲಿ "ಆಳವಾದ ಪರಿಶೀಲನೆ" ಎಂದು ದಾಖಲಿಸಲಾಯಿತು. ಹೀಗೇ ಮೂರು ತಿಂಗಳು.

ಅಷ್ಟೂ ದಿನ ತಾಯಿ ಹೊರಗಿನ ಬೆಂಚಿನ ಮೇಲೆ ಪುಟ್ಟಿಯ ಕೈ ಹಿಡಿದು ಕಾದಳು. ಪಾಪ, ಇನ್ನೇನು ತಾನೇ ಮಾಡಿಯಾಳು. ಗಾಯ ಮಾಯ್ದುಹೋಯಿತು.

ಅನುಮೋದನೆ ಕೊಟ್ಟ ದಿನ ಆ ಕೈ ನೋಡಿ ಅಧ್ಯಕ್ಷರು ಮುಖ ಹುಳಿ ಮಾಡಿಕೊಂಡರು.

"ಏನಮ್ಮ ಇದು? ಗುಣ ಆಗೋಕೆ ಯಾರ ಅನುಮತಿ ತಗೊಂಡ್ರಿ?"

"ಸುಮ್ನೆ ಕೈ ಹಿಡ್ಕೊಂಡು ಕೂತಿದ್ದೆ, ಸರ್."

"ಹಾಗಾದ್ರೆ ಹದಿನೈದು ದಿನ ಕೈ ಬಿಡಿ. ಮತ್ತೆ ಕಚ್ಚಿಕೊಳ್ಳಲಿ. ಆಮೇಲೆ ಕ್ರಮವಾಗಿ ಕುರ್ಚೀಲಿ ಕೂರಿಸೋಣ."

ತಾಯಿ ಮಗಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಬೆಂಚಿನ ಎದುರಿನ ಗೋಡೆಗೆ ಅಂಟಿಸಿದ್ದ ನಿಯಮಗಳು ಮೂರು ತಿಂಗಳಲ್ಲಿ ಅವಳಿಗೆ ಬಾಯಿಪಾಠವಾಗಿದ್ದವು.

"ಕೈ ಬಿಡೋದು ಇವಳಿಗೆ ಶಿಕ್ಷೆನೇ ಅಲ್ವಾ, ಸರ್? ನಿಯಮ ಏಳರ ಪ್ರಕಾರ ಮೊದಲು ತಾವು ಐದೂ ಜನ..."

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. ಮಾತು ಕ್ರಮಬದ್ಧವಾಗಿತ್ತು. ಆದರೆ ಕೈ ಬಿಡಬೇಕಾದರೆ ಮೊದಲು ಯಾರಾದರೂ ಹಿಡಿದಿರಬೇಕಲ್ಲ? ಹೊಸ ಕಡತ ತೆರೆಯಲಾಯಿತು. ತೀರ್ಮಾನವಾಗುವವರೆಗೆ ತಾಯಿ ಮಗಳ ಕೈ ಬಿಡಕೂಡದೆಂದು ಲಿಖಿತ ಆದೇಶವಾಯಿತು. ಅದನ್ನು ಮಡಚಿ ಕುಪ್ಪಸದೊಳಗೆ ಸೇರಿಸಿ, ಅವಳು ಮಗಳನ್ನು ಕರೆದುಕೊಂಡು ಮನೆಗೆ ನಡೆದಳು.

ಈಗ ಸಮಿತಿಯ ಐವರೂ ಪ್ರತಿ ಸೋಮವಾರ ಮೇಜಿನ ಸುತ್ತ ಪರಸ್ಪರ ಕೈ ಹಿಡಿದು ಕೂರುತ್ತಾರೆ. ಚಹಾವನ್ನು ಜವಾನರೇ ಒಬ್ಬೊಬ್ಬರಿಗೂ ಕುಡಿಸುತ್ತಾರೆ. ಯಾರದೂ ತಕರಾರಿಲ್ಲ. ಕೈ ಬಿಡುವ ದಿನಾಂಕದ ಆದೇಶವೂ ಸಿದ್ಧವಾಗಿದೆ. ಸಹಿ ಹಾಕಲು ಯಾರ ಕೈಯೂ ಖಾಲಿ ಇಲ್ಲ.