ಭಾವನ ಗಿಟಾರಿನ ಕುತ್ತಿಗೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹೆಬ್ಬೆರಳು. ಅದು ಕನ್ನಡಕದವನದು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಲೆನ್ಸ್ ಉಜ್ಜುವುದು ಅವನ ಕೆಲಸವಾದ್ದರಿಂದ ಕಟ್ಟಡದವರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದರು. ಅವತ್ತು ಸಂಜೆ ಆರಕ್ಕೆ ಕಟ್ಟಡದವರ ವಾರ್ಷಿಕೋತ್ಸವ. ಕೆಳಮನೆಯ ನಿವೃತ್ತ ಹೆಡ್‌ಮಾಸ್ಟರು ಹಾಡುವುದು, ಇವನು ಗಿಟಾರ್ ನುಡಿಸುವುದು ಎಂದು ನಿಶ್ಚಯವಾಗಿತ್ತು. ನಲವತ್ತೆರಡು ವರ್ಷದ ಬಾಳಿನಲ್ಲಿ ಅವನನ್ನು ಯಾರಾದರೂ ವೇದಿಕೆ ಹತ್ತು ಎಂದದ್ದು ಇದೇ ಮೊದಲು.

ಆದರೆ ಅಭ್ಯಾಸಕ್ಕೆ ಕೂತಾಗಲೆಲ್ಲ ಅಂಗೈ ಬೆವರಿ, ಹೆಬ್ಬೆರಳು ಗಿಟಾರಿನ ಕುತ್ತಿಗೆಯ ಹಿಂದಿನ ವಾರ್ನಿಷ್‌ಗೆ ಅಂಟಿಕೊಳ್ಳುತ್ತಿತ್ತು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಹಾಡು ಮುಂದೆ ಹೋಗಿಬಿಡುತ್ತಿತ್ತು, ಇವನು ಹಿಂದೆ ಉಳಿಯುತ್ತಿದ್ದ.

"ನಾಳೆ ಸಂಜೆನೂ ಹೀಗಾಗೋದಾದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ," ಎಂದು ಹೆಡ್‌ಮಾಸ್ಟರು ಹಿಂದಿನ ದಿನ ಖಡಾಖಂಡಿತವಾಗಿ ಹೇಳಿದ್ದರು.

ವಾದ್ಯ ರಿಪೇರಿಯವನು ಉಪಾಯ ಹೇಳಿಕೊಟ್ಟ. "ತೀರಾ ನಯವಾದ ಸ್ಯಾಂಡ್‌ಪೇಪರ್ ತಗೊಂಡು ಹಿಂದಿನ ಹೊಳಪು ತೆಗೀರಿ. ಉದ್ದಕ್ಕೇ ಉಜ್ಜಬೇಕು, ಅಡ್ಡಡ್ಡ ಬೇಡ. ಆಮೇಲೆ ಕೈ ಹೆಂಗೆ ಓಡತ್ತೆ ನೋಡಿ." ಜೀವಮಾನವಿಡೀ ಉಜ್ಜಿ ಉಜ್ಜಿ ಹೊಳಪು ಬರಿಸಿದವನಿಗೆ ಉಜ್ಜಿ ಹೊಳಪು ತೆಗೆಯುವುದು ಏನು ಮಹಾ?

ತೊಡಕು ಬೇರೆಯೇ ಇತ್ತು. ಗಿಟಾರು ಅವನದಲ್ಲ, ಹೆಂಡತಿಯ ಅಣ್ಣನದು. ಆ ಭಾವ ಕಾರ್ಖಾನೆಯ ಗೇಟಿನಲ್ಲಿ ನಿಂತು ಹೊರಹೋಗುವವರ ಚೀಲ ತಪಾಸಣೆ ಮಾಡುವ ಮನುಷ್ಯ. ತಂಗಿಯ ಮನೆಗೆ ಬಂದರೂ ಅಡುಗೆಮನೆಯ ಡಬ್ಬಗಳ ಮುಚ್ಚಳ ತೆಗೆದು ನೋಡದೆ ಕೂರುತ್ತಿರಲಿಲ್ಲ. "ಒಂದೇ ಒಂದು ಗೀರು ಬಿದ್ರೂ ನಂಗೆ ಗೊತ್ತಾಗತ್ತೆ," ಎಂದು ಹೇಳಿಯೇ ಗಿಟಾರು ಕೊಟ್ಟಿದ್ದ. ಹೆಂಡತಿಗೆ ಹೇಳುವುದೂ ಒಂದೇ, ಅವಳಣ್ಣನಿಗೆ ಹೇಳುವುದೂ ಒಂದೇ.

ಹಾಗಾಗಿ ಅವತ್ತು ಅಂಗಡಿಗೆ ರಜೆ ಹಾಕಿ, ಮನೆಯ ಕೋಣೆಯ ಚಿಲಕ ಹಾಕಿಕೊಂಡ. ಗಿಟಾರಿನ ಒಡಲಿಗೆ ಹಳೇ ಬೆಡ್‌ಶೀಟು ಸುತ್ತಿ, ಮೂಗಿಗೆ ಕರವಸ್ತ್ರ ಕಟ್ಟಿ ಉಜ್ಜಲು ಶುರುಮಾಡಿದ. ಕರ್ ಕರ್ ಕರ್.

"ರೀ, ಒಳಗೆ ಏನ್ಮಾಡ್ತಿದೀರಿ?" ಹೆಂಡತಿ ಬಾಗಿಲು ತಟ್ಟಿದಳು.

"ಹಿಮ್ಮಡಿ ಉಜ್ಕೋತಿದೀನಿ ಕಣೇ."

"ಮುಕ್ಕಾಲು ಗಂಟೆಯಿಂದಾನಾ?"

"ಎರಡು ಹಿಮ್ಮಡಿ ಇದೆಯಲ್ಲ."

ಹೆಂಡತಿಯ ಹೆಜ್ಜೆ ದೂರ ಸರಿದ ಸದ್ದು ಕೇಳಲಿಲ್ಲ. ಅದರ ಬದಲು ಹೆಡ್‌ಮಾಸ್ಟರ ಗಂಟಲು ಕೇಳಿಸಿತು. "ನಮ್ಮ ಸೂರಿನ ಮೇಲೆ ಅದೇನ್ರೀ ಕೊರೀತಿದೀರಿ?"

"ಬಾಗಿಲು ನೆಲಕ್ಕೆ ಹಿಡೀತಿತ್ತು ಸಾರ್. ಉಜ್ತಾ ಇದೀನಿ."

"ಈಗ ತಾನೇ ಹಿಮ್ಮಡಿ ಅಂದ್ರಲ್ಲ?" ಎಂದಳು ಹೆಂಡತಿ. ಒಳಗಿದ್ದವನು ಇನ್ನೂ ಬೇಗ ಬೇಗ ಉಜ್ಜತೊಡಗಿದ.

ಇಬ್ಬರು ನಿಂತಿದ್ದಾರೆಂದ ಮೇಲೆ ಎದುರುಮನೆಯ ಟೈಲರಮ್ಮ ಬರದೇ ಇರುತ್ತಾಳೆಯೇ? ಬಂದವಳೇ ಬಗ್ಗಿ ನೋಡಿದಳು. "ಬಾಗಿಲ ಸಂದಿಯಿಂದ ಬಿಳೀ ಪುಡಿ ಬರ್ತಿದೆ ನೋಡಿ. ಮರ ಉಜ್ಜಿದ್ರೆ ಕಂದು ಪುಡಿ ಬರ್ಬೇಕು. ನಂಗ್ಯಾಕೋ ಇದು ಸರಿ ಕಾಣ್ತಿಲ್ಲ."

"ಎರಡು ದಿನದಿಂದ ನನ್ನ ಮುಖ ಕಂಡ್ರೆ ತಲೆ ತಗ್ಗಿಸ್ತಿದ್ರು," ಎಂದು ಹೆಡ್‌ಮಾಸ್ಟರು ದನಿ ಇಳಿಸಿದರು.

"ರಾತ್ರಿ ಊಟಾನೂ ಸರಿಯಾಗಿ ಮಾಡ್ಲಿಲ್ಲ," ಎಂದಳು ಹೆಂಡತಿ. ತಪಾಸಣೆ ಬಲ್ಲವನು ತನ್ನ ಕಡೆ ಒಬ್ಬನೇ ಇದ್ದದ್ದು. ಆ ಅಣ್ಣನಿಗೇ ಫೋನು ಮಾಡಿದಳು.

ಕನ್ನಡಕದವನು ಕೆಲಸ ಮುಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಗಿಟಾರನ್ನು ಚೀಲಕ್ಕೆ ಸೇರಿಸಿ ಬಾಗಿಲು ತೆರೆದಾಗ ಭಾವ ಖಾಕಿ ಸಮವಸ್ತ್ರದಲ್ಲೇ ಎದುರಿಗೆ ನಿಂತಿದ್ದ. ಇವನ ಹುಬ್ಬು ಬೆಳ್ಳಗಾಗಿತ್ತು.

"ಚೀಲ ತೆಗಿ," ಎಂದ ಭಾವ.

ತೆಗೆದ. ಭಾವ ಗಿಟಾರನ್ನು ಹೊರಗೆಳೆದು, ಕುತ್ತಿಗೆಯ ಮೇಲಿಂದ ಕೆಳಗೆ ಕೈ ಓಡಿಸಿದ. ಕೈ ಎಲ್ಲೂ ನಿಲ್ಲಲಿಲ್ಲ. ಮತ್ತೊಮ್ಮೆ ಓಡಿಸಿದ. ಮುಖ ಬಿಗಿಯಿತು.

"ಇದು ನನ್ನ ಗಿಟಾರಲ್ಲ."

"ನಿಮ್ಮದೇ ಭಾವ."

"ಹತ್ತು ವರ್ಷ ನುಡಿಸಿದೋನು ನಾನು. ನಂದು ಕೈಗೆ ಅಂಟ್ತಿತ್ತು, ಬೇಜಾರಾಗಿ ಮೂಲೆಗೆ ಹಾಕಿದ್ದೆ. ಇದು ಬೆಣ್ಣೆ ಜಾರಿದ ಹಾಗೆ ಜಾರತ್ತೆ. ನಂದೆಲ್ಲಿಟ್ಟೆ, ಹೇಳಿಬಿಡು."

"ಮಾರಿರ್ಬೇಕು," ಎಂದಳು ಟೈಲರಮ್ಮ, ಯಾರೂ ಕೇಳದಿದ್ದರೂ.

ಕನ್ನಡಕದವನಿಗೆ ಬೆವರು ಕಿತ್ತುಕೊಂಡು ಬಂತು. ಸುಮ್ಮನಿದ್ದರೆ ಕಳ್ಳ, ಬಾಯಿಬಿಟ್ಟರೆ ಗಿಟಾರು ಹಾಳುಮಾಡಿದವನು. ಹೆಂಡತಿ ಕಣ್ಣು ತುಂಬಿಕೊಂಡು ನಿಂತಿದ್ದಳು. ಅವಳೆದುರು ಕಳ್ಳನಾಗುವುದು ಅವನಿಂದಾಗಲಿಲ್ಲ. ಜೇಬಿನಿಂದ ಸವೆದ ಸ್ಯಾಂಡ್‌ಪೇಪರ್ ತೆಗೆದು ಎಲ್ಲವನ್ನೂ ಹೇಳಿಬಿಟ್ಟ.

ಭಾವ ಕುರ್ಚಿ ಎಳೆದು ಕೂತು ತಂತಿ ಮೀಟಿದ. ಬೆರಳುಗಳು ಸಲೀಸಾಗಿ ಓಡತೊಡಗಿದವು. ಹೆಡ್‌ಮಾಸ್ಟರು ತಮಗೇ ತಿಳಿಯದಂತೆ ಹಾಡಲು ಶುರುಮಾಡಿದರು. ಮೂರನೇ ಸಾಲು ಬಂತು, ದಾಟಿತು, ಹಾಡು ಮುಗಿದೇಹೋಯಿತು. ಟೈಲರಮ್ಮನೂ ಚಪ್ಪಾಳೆ ತಟ್ಟಿದಳು.

"ಒಳ್ಳೇ ಕೆಲಸ ಮಾಡಿದೀಯ ಕಣಯ್ಯಾ," ಎಂದ ಭಾವ. ಆ ಮನುಷ್ಯನ ಬಾಯಿಂದ ಹದಿನೈದು ವರ್ಷದಲ್ಲಿ ಬಂದ ಮೊದಲ ಮೆಚ್ಚುಗೆ ಅದು. ಕನ್ನಡಕದವನಿಗೆ ಹೋದ ಜೀವ ಬಂದಂತಾಯಿತು.

"ಕೊಡಿ ಭಾವ, ಸಂಜೆಗೆ ಒಂದ್ಸಲ ಕೈ ಆಡಿಸ್ಕೋತೀನಿ," ಎಂದು ಕೈ ಚಾಚಿದ.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, ಅವನನ್ನು ದಾಟಿ ಭಾವನ ಮುಂದೆ ನಿಂತರು. "ತಾವು ಸಂಜೆ ಆರಕ್ಕೆ ಬಿಡುವಾಗಿದೀರಾ?"

ಆರಕ್ಕೆ ಸರಿಯಾಗಿ ಕಾರ್ಯಕ್ರಮ ಶುರುವಾಯಿತು. ಕನ್ನಡಕದವನೂ ವೇದಿಕೆ ಹತ್ತಿದ. ಭಾವನಿಗೆ ಮೈಕು ಎತ್ತರವಾಗಿತ್ತು, ತಗ್ಗಿಸಲು ಯಾರಾದರೊಬ್ಬರು ಬೇಕಾಗಿತ್ತು. ತಗ್ಗಿಸಿ ಕೆಳಗಿಳಿದ.