ಲಂಡನ್ನಿಗೆ ಹೋದ ಒಳಕಿಸೆ

ನನ್ನನ್ನು ನಾನೇ ಹೊಗಳಿಕೊಳ್ಳಬಾರದು. ಬೇರೆ ಯಾರೂ ಆ ಕೆಲಸ ಮಾಡುತ್ತಿಲ್ಲವಾದ್ದರಿಂದ ಹೇಳಿಬಿಡುತ್ತೇನೆ: ಹೋಟೆಲಿನಲ್ಲಿ ಬಿಲ್ಲು ಕೊಡಲು ಹೋಗುವ ಕಲೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕೊಡುವ ಕಲೆ ಎನ್ನಲಿಲ್ಲ, ಕೊಡಲು ಹೋಗುವ ಕಲೆ ಎಂದೆ. ನಮ್ಮ ಕಡೆ ನಾಲ್ಕು ಜನ ಕಾಫಿ ಕುಡಿದರೆ ನಾಲ್ವರೂ ಗಲ್ಲೆಯ ಮುಂದೆ ಕಿಸೆಗೆ ಕೈ ಹಾಕಬೇಕು, ಒಬ್ಬರ ಮುಂಗೈಯನ್ನು ಇನ್ನೊಬ್ಬರು ಹಿಡಿಯಬೇಕು, ಒಂದಿಷ್ಟು ಎಳೆದಾಟವಾಗಬೇಕು. ಇದರಲ್ಲೂ ಊರಿಗೊಂದು ಪದ್ಧತಿ. ತೀರ್ಥಹಳ್ಳಿಯವರು ಕೈ ತೊಳೆಯುವ ನೆಪದಲ್ಲಿ ಮೊದಲೇ ಎದ್ದು ಹೋಗಿ ಕೊಟ್ಟುಬಿಡುತ್ತಾರೆ. ಹೊಸನಗರದವರು ಮಾತಾಡುವುದಿಲ್ಲ, ಹಿಡಿದ ಕೈಯನ್ನು ಬಿಡುವುದೂ ಇಲ್ಲ. ನಮ್ಮ ಸಾಗರದವರು ಹೋಟೆಲಿನ ಮಾಲೀಕನನ್ನೇ ಹೆದರಿಸುತ್ತಾರೆ: "ಅವ್ರ ದುಡ್ಡು ತಗೊಂಡ್ರೆ ನಾಳೆಯಿಂದ ನಾನು ಇಲ್ಲಿಗೆ ಬರೋದಿಲ್ಲ ನೋಡಿ." ಒಮ್ಮೆ ಕೋಣಂದೂರಿನಲ್ಲಿ ಬಸ್ಸು ನಿಂತಾಗ ನಾನೂ ನನ್ನ ಭಾವಮೈದುನ ವಾಸುದೇವನೂ ಎರಡು ಕಾಫಿಗಾಗಿ ಎಳೆದಾಡಿದ್ದು ನೋಡಿ, ಜಗಳವೆಂದು ತಿಳಿದು ಕಂಡಕ್ಟರು ಬಿಡಿಸಲು ಬಂದಿದ್ದ. ಕೊನೆಗೆ ಕೊಟ್ಟವನು ವಾಸುದೇವನೇ. ತೀರ್ಥಹಳ್ಳಿಯಲ್ಲಿ ಅವನಿಗೆ ಜವಳಿ ಅಂಗಡಿಯಿದೆ, ಕೊಡಲಿ ಬಿಡಿ.

ನನ್ನ ಗೆಲುವಿನ ಗುಟ್ಟು ಕೋಟಿನ ಒಳಕಿಸೆ. ದುಡ್ಡು ಜೋಪಾನವಾಗಿರಲೆಂದು ನನ್ನ ಹೆಂಡತಿ ಶಾರದೆಯೇ ಅದನ್ನು ಹೊಲಿದು ಗುಂಡಿ ಇಟ್ಟಿದ್ದಳು. ಗುಂಡಿ ದೊಡ್ಡದು, ಅದರ ಕಾಜ ಸಣ್ಣದು. ಎರಡೂ ಕೈ ಹಾಕಿ, ಗದ್ದವನ್ನು ಎದೆಗೊತ್ತಿ, ಉಸಿರು ಬಿಗಿಹಿಡಿದು ಒದ್ದಾಡಿದರೆ ಮಾತ್ರ ಅದು ಬಿಚ್ಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ಮನುಷ್ಯನಾದವನು ಯಾರೂ ಸುಮ್ಮನೆ ನಿಂತು ನೋಡುವುದಿಲ್ಲ. ಶಾರದೆಗೆ ಇದು ಗೊತ್ತಿತ್ತು. "ನಿಮ್ಮ ಕೈ ಒಳಗೆ ಹೋಗೋದು ಎಷ್ಟೋ ಸಲ ನೋಡಿದೀನಿ. ಏನಾದ್ರೂ ಹಿಡ್ಕೊಂಡು ಹೊರಗೆ ಬರೋದು ನೋಡಿಲ್ಲ" ಎನ್ನುತ್ತಿದ್ದಳು.

ಅರವತ್ತರ ದಶಕದಲ್ಲಿ, ಸಾಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ನಾನು ಮೂರು ತಿಂಗಳ ತರಬೇತಿಗೆ ಲಂಡನ್ನಿಗೆ ಆಯ್ಕೆಯಾದೆ. ಪೇಟೆಯಲ್ಲಿ ಎದುರಾದವರೆಲ್ಲ ಸೈಕಲ್ಲಿನಿಂದ ಇಳಿದು ಮಾತಾಡಿಸತೊಡಗಿದರು. ಹೆಮ್ಮೆಯಿಂದ ನನ್ನ ನಡಿಗೆಯೇ ಬದಲಾಯಿತೆಂದು ಶಾರದೆ ಹೇಳಿದಳು. ಆ ಕಾಲದಲ್ಲಿ ಸರ್ಕಾರ ಕೈಗೆ ಮೂರೇ ಮೂರು ಪೌಂಡು ಕೊಟ್ಟು ವಿಮಾನ ಹತ್ತಿಸುತ್ತಿತ್ತು. ಉಳಿದದ್ದಕ್ಕೆ ಅಲ್ಲಿಯವರು ವಾರಕ್ಕೊಮ್ಮೆ ಕೊಡುವ ಭತ್ಯೆಯೇ ಗತಿ. ಹೊರಡುವ ಮುನ್ನ ಶಾರದೆ ಕೇಳಿದ್ದು ಒಂದೇ, ಒಂದು ಕೈಗಡಿಯಾರ. "ಮನೇಲಿರೋದು ನಿಮ್ಮ ಕೈಲಿರೋ ವಾಚು ಒಂದೇ. ನೀವು ಶಾಲೆಗೆ ಹೋದ್ರೆ ಅದೂ ಹೋಗತ್ತೆ. ಗಂಟೆ ಎಷ್ಟು ಅಂತ ದಿನಾ ಪಕ್ಕದ ಮನೇಲಿ ಕೇಳಕ್ಕೆ ನಂಗೆ ನಾಚಿಕೆ" ಎಂದಳು. ಮದುವೆಯಾದಂದಿನಿಂದ ಅವಳು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ತಂದೇ ತರುತ್ತೇನೆ ಎಂದು ಮಾತು ಕೊಟ್ಟೆ.

ಲಂಡನ್ನಿನಲ್ಲಿ ನನ್ನ ಆಯವ್ಯಯ ಮಂತ್ರಿಗಳೂ ಮೆಚ್ಚುವಂತಿತ್ತು. ಎಡಕಿಸೆ ಊಟಕ್ಕೆ, ಬಲಕಿಸೆ ಬಸ್ಸಿಗೆ, ಒಳಕಿಸೆ ಶಾರದೆಯ ವಾಚಿಗೆ. ಎಡಬಲದವು ಬರಿದಾದರೂ ಒಳಕಿಸೆಯನ್ನು ಮುಟ್ಟುವಂತಿರಲಿಲ್ಲ. ಕೆಲವು ವಾರ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಆಮೇಲೊಂದು ಭಾನುವಾರ, ತರಬೇತಿಯಲ್ಲಿ ಜೊತೆಗಿದ್ದ ಅಲ್ಲಿಯವರೇ ಆದ ಐದು ಮಂದಿ ಮೇಷ್ಟರುಗಳು ನನ್ನನ್ನು ಚಹಾಕ್ಕೆ ಕರೆದುಕೊಂಡು ಹೋದರು. ಚಹಾ ಎಂದರೆ ಅಲ್ಲಿ ಬರೀ ಚಹಾ ಅಲ್ಲ. ಕೇಕು, ಬನ್ನು, ಜಾಮು ಎಲ್ಲ ಸೇರಿ ನಮ್ಮಲ್ಲಿಯ ಬೀಗರ ಉಪಚಾರದಷ್ಟಾಗುತ್ತದೆ. ಬಿಲ್ಲು ಬಂತು. ನನ್ನ ಕೈ ನನ್ನನ್ನು ಕೇಳದೆ ಒಳಕಿಸೆಗೆ ಹೋಯಿತು. ಗದ್ದ ಎದೆಗೊತ್ತಿತು. ಗುಂಡಿಯೊಡನೆ ಒದ್ದಾಡುತ್ತ, ಈಗ ಯಾರಾದರೂ ಮುಂಗೈ ಹಿಡಿಯುತ್ತಾರೆ ಎಂದು ಕಾದೆ. ಅವರೂ ಕಾದರು. ಇಂಗ್ಲಿಷರ ತಾಳ್ಮೆಯ ಬಗ್ಗೆ ಓದಿದ್ದೆ, ಅಂದು ಕಣ್ಣಾರೆ ಕಂಡೆ. ಪೀಟರ್ ಎಂಬ ಉದ್ದನೆಯ ಮೇಷ್ಟರಂತೂ, ಒಂದು ಕೈಯಲ್ಲಿ ಬಿಚ್ಚಲು ಕಷ್ಟವಾದೀತೆಂದು ನನ್ನ ಛತ್ರಿಯನ್ನು ತಾನು ಹಿಡಿದುಕೊಂಡ. ಗುಂಡಿ ಬಿಚ್ಚಿಕೊಂಡಿತು. ದುಡ್ಡು ಹೊರಗೆ ಬಂತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಷ್ಟು ಉದಾರ ಮನುಷ್ಯನನ್ನು ತಾವು ಕಂಡೇ ಇಲ್ಲವೆಂದರು. ನಿಮ್ಮ ಊರು ಯಾವುದೆಂದು ಕೇಳಿದರು. ಅಳು ಬರುವಂತಿದ್ದರೂ ಎದೆಯುಬ್ಬಿಸಿ, ಸಾಗರ ಎಂದೆ.

ಹಾಗೆ ಹೇಳಿದ ಮೇಲೆ ಹಿಂದಕ್ಕೆ ಹೋಗುವುದು ಹೇಗೆ? ಅದು ಬರೀ ನನ್ನ ವಿಷಯವಾಗಿ ಉಳಿಯಲಿಲ್ಲ, ಊರಿನ ಮಾನದ ಪ್ರಶ್ನೆಯಾಯಿತು. ಮುಂದಿನ ಭಾನುವಾರಗಳಲ್ಲೂ ನಾನೇ ಕೊಟ್ಟೆ. ಸರಿದೂಗಿಸಲು ಬಸ್ಸು ಬಿಟ್ಟು ನಡೆದೆ. ಮಧ್ಯಾಹ್ನದ ಊಟಕ್ಕೆ ಬ್ರೆಡ್ಡಿಗೆ ಶಾರದೆ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಉದುರಿಸಿಕೊಂಡು ಪಾರ್ಕಿನ ಬೆಂಚಿನಲ್ಲಿ ಕೂತು ತಿಂದೆ. ಅಲ್ಲಿ ಒಂದು ದಿನ ಪೀಟರ್ ಸಿಕ್ಕಿಬಿದ್ದ. ಅಂದರೆ, ನಾನು ಸಿಕ್ಕಿಬಿದ್ದೆ. ಚಟ್ನಿಪುಡಿಯ ರುಚಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡ ಆ ಮನುಷ್ಯನ ಮುಂದೆ ನನಗೂ ತಡೆಯಲಾಗಲಿಲ್ಲ. ನಮ್ಮ ಪದ್ಧತಿಯನ್ನೆಲ್ಲ ವಿವರಿಸಿದೆ. ಆತ ಗಂಭೀರವಾಗಿ ಕೇಳಿಸಿಕೊಂಡು, "ಹಾಗಾದರೆ ನಾನು ನಿಮ್ಮ ಮುಂಗೈ ಹಿಡಿಯಬೇಕಿತ್ತೇ?" ಎಂದ. ಬೆಂಚಿನ ಮೇಲೆಯೇ ಹಿಡಿಯುವುದನ್ನು ಕಲಿಸಿದೆ. ಕೊನೆಯ ಭಾನುವಾರ ಪೀಟರ್ ಹಿಡಿದ ಹಿಡಿತ ಹೊಸನಗರದವರು ತಲೆದೂಗುವಂಥದು. ಬಿಲ್ಲು ಅವನೇ ಕೊಟ್ಟ. ನನ್ನ ಒಳಕಿಸೆಯಲ್ಲಿ ಅಷ್ಟಿಷ್ಟು ಉಳಿಯಿತು. ಆದರೆ ಅದರಲ್ಲಿ ಲಂಡನ್ನಿನ ವಾಚು ಬರುವಂತಿರಲಿಲ್ಲ.

ಊರಿಗೆ ಬಂದವನು ಶಾರದೆಯ ಕೈಗೆ ಸೋಪಿನ ಡಬ್ಬ ಕೊಟ್ಟು, ವಾಚಿನ ಬದಲು ಈ ಕಥೆ ಹೇಳಿದೆ. ಲಂಡನ್ನಿನಲ್ಲಿ ಸಾಗರದ ಹೆಸರು ಎಷ್ಟು ಎತ್ತರಕ್ಕೆ ಏರಿದೆಯೆಂದು ಬಣ್ಣಿಸಿದೆ. ಅವಳು ಬೈಯಲಿಲ್ಲ, ಮುಖವನ್ನೂ ಬಾಡಿಸಿಕೊಳ್ಳಲಿಲ್ಲ. "ಹಂಗಾರೆ ಯಾರೂ ಕೈ ಹಿಡೀದಿದ್ರೆ ನೀವು ಕೊಡ್ತೀರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಉಳಿದ ಪೌಂಡುಗಳನ್ನು ಬ್ಯಾಂಕಿನಲ್ಲಿ ರೂಪಾಯಿ ಮಾಡಿಸಿ ಒಳಕಿಸೆಗೆ ಹಾಕಿಕೊಂಡು ಬಂದೆ. ಆ ವಾರವೇ ವಾಸುದೇವ ತೀರ್ಥಹಳ್ಳಿಯಿಂದ ನನ್ನನ್ನು ನೋಡಲು ಬಂದ. ಸಂಜೆ ಮೂವರೂ ಪೇಟೆಗೆ ಹೊರಟೆವು. ಶಾರದೆ ನೇರವಾಗಿ ಗಡಿಯಾರದ ಅಂಗಡಿಗೆ ನುಗ್ಗಿ, ಕಪ್ಪು ಪಟ್ಟಿಯ ಸಣ್ಣದೊಂದು ವಾಚನ್ನು ಆರಿಸಿ ಕೈಗೆ ಕಟ್ಟಿಕೊಂಡಳು. ಅಂಗಡಿಯವನು ಬೆಲೆ ಹೇಳಿದ. ನಾನು ಧೈರ್ಯವಾಗಿ ಕೋಟಿನೊಳಗೆ ಕೈ ಹಾಕಿ ಗದ್ದ ಒತ್ತಿದೆ. ಎಣಿಸಿದಂತೆಯೇ ವಾಸುದೇವ, "ಭಾವ, ನೀವು ಸುಮ್ನಿರಿ, ನಾ ಕೊಡ್ತೀನಿ" ಎಂದು ನನ್ನ ಮುಂಗೈಗೆ ಕೈ ಚಾಚಿದ.

ಆ ಕೈ ನನ್ನವರೆಗೆ ಬರಲಿಲ್ಲ. ನಡುವೆಯೇ ಶಾರದೆ ಅದನ್ನು ಹಿಡಿದುಬಿಟ್ಟಿದ್ದಳು, ಹೊಸ ವಾಚು ಕಟ್ಟಿದ ಕೈಯಿಂದ. "ಬಿಡಾ ಅಣ್ಣ. ಅವ್ರು ಲಂಡನ್ನಿಗೆ ಹೋಗಿ ಬಂದವ್ರು. ಕೊಡ್ಲಿ" ಎಂದಳು. ಒಂದು ಬೆರಳೂ ಸಡಿಲವಾಗದ ಎಂಥ ಹಿಡಿತ ಅದು. ಇಷ್ಟು ವರ್ಷ ನನ್ನ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಲಿತಿದ್ದಾಳೆಂದು ನನಗೆ ನಿಜಕ್ಕೂ ಹೆಮ್ಮೆಯಾಯಿತು. ಆದರೂ ನನಗೆ ನನ್ನ ಗುಂಡಿಯ ಮೇಲೆ ಭರವಸೆಯಿತ್ತು. ಅದು ಬಿಚ್ಚಿಕೊಳ್ಳುವಷ್ಟರಲ್ಲಿ ಇವಳ ಕೈ ಸೋತೀತು ಎಂದುಕೊಂಡು ಒದ್ದಾಡಲು ಶುರುಮಾಡಿದೆ. ಬೆರಳು ತಾಕಿದ್ದೇ ತಡ, ಗುಂಡಿ ತಾನಾಗಿ ಕಳಚಿಕೊಂಡಿತು. ಅವಳು ಮನೆಯಿಂದ ಹೊರಡುವ ಮೊದಲೇ ಕಾಜವನ್ನು ಕತ್ತರಿಸಿ ಅಗಲ ಮಾಡಿಟ್ಟಿದ್ದಳು.